ಮೂರು ಗಂಟೆ ಕೂರುವ ವಿದ್ಯೆ

ಇದು ನನ್ನಿಂದ ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ ಮರಿಯಪ್ಪ. ಲಗ್ಗೆರೆಯ ನಮ್ಮ ಮನೆಯ ಜಗಲಿಯ ಮೇಲೆ ಕಾಲು ಮಡಚಿ ಕೂತು, ಎಲೆಯಡಿಕೆ ಜಗಿಯುತ್ತ, ಬೀದಿಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆ ಹೇಳಿದ.

"ಓದು ಅಂದ್ರೆ ತಲೆ ಕೆಲ್ಸ ಅಂದ್ಕಂಡಿದ್ದೀಯೇನ್ಲಾ ಸಿದ್ರಾಜ? ಅದು ಕುಂಡಿ ಕೆಲ್ಸ. ಕುಂತ್ರೆ ಬತ್ತದೆ, ಎದ್ರೆ ಓಯ್ತದೆ. ನೀನು ಒಂದ್ ಲೋಟ ಕಾಫಿ ಕುಡಿಯೋಗಂಟ ಒಂದ್ಕಡೆ ಕುಂತ್ಕಳ್ಳಾಕಿಲ್ಲ, ಪರೀಕ್ಸೆಲಿ ಮೂರ್ ಗಂಟೆ ಕುಂತ್ಕತೀಯಾ? ಬಿಎ ಅಂತೆ ಬಿಎ!"

ಈ ಮಾತನ್ನು ನಾನು ಕೇಳಿದ್ದು ಅಂಗಳದಲ್ಲಿ ಅತ್ತಿಂದಿತ್ತ ನಡೆದಾಡುತ್ತ. ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮಾವ ಕೂರುವುದರಲ್ಲಿ ಪಂಡಿತ. ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನನ್ನು ಎತ್ತಿಕೊಂಡು ಅಣ್ಣನ ಮನೆ ಸೇರಿದವಳು, ಆದ್ದರಿಂದ ನನಗೆ ಯಜಮಾನ ಎಂದರೆ ಅವನೇ. ಬೆಳಿಗ್ಗೆ ಪೇಟ ಸುತ್ತಿ ಜಗಲಿಯ ಮೇಲೆ ಕೂತರೆ ನ್ಯಾಯ, ಪಂಚಾಯ್ತಿ, ಬೈಗುಳ ಎಲ್ಲ ಅಲ್ಲಿಂದಲೇ. ಅವನು ಎದ್ದು ನಿಂತಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದು ಒಂದೇ ಸಂದರ್ಭದಲ್ಲಿ, ಕೊಟ್ಟಿಗೆಯಲ್ಲಿ ಹಸು ಈಯುವಾಗ. ನಮ್ಮ ಕುಲದಲ್ಲಿ ಅದೊಂದು ಕಟ್ಟು. ಹಸುವಿಗೆ ನೋವು ಶುರುವಾದ ಗಳಿಗೆಯಿಂದ ಕರು ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಮನೆಯ ಯಜಮಾನ ಕೂರುವ ಹಾಗಿಲ್ಲ. ಅವನು ಕೂತರೆ ಕರುವೂ ಕೂತೇಬಿಡುತ್ತದೆ ಎಂಬ ನಂಬಿಕೆ. ಆಗ ಮಾತ್ರ ಮಾವ ಕೊಟ್ಟಿಗೆಯ ಬಾಗಿಲಲ್ಲಿ ಕಂಬದ ಹಾಗೆ ನಿಂತಿರುತ್ತಿದ್ದ, ಎಷ್ಟು ಹೊತ್ತಾದರೂ.

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ನನಗೆ ಕಷ್ಟ ಕೊಟ್ಟದ್ದು ಪುಸ್ತಕವಲ್ಲ, ಕುರ್ಚಿ. ಯಾಕೆಂದು ಹೇಳಬೇಕಾದರೆ ಒಂದು ಗುಡ್ಡದ ವಿಷಯ ಹೇಳಬೇಕು.

ಪಿಯುಸಿ ಮುಗಿಸಿ ನಾನು ಸೈನ್ಯಕ್ಕೆ ಸೇರಿದ್ದೆ. ಎಪ್ಪತ್ತೊಂದರ ಚಳಿಗಾಲದ ಯುದ್ಧ ಎಂದರೆ ಜನರಿಗೆ ನೆನಪಾಗುವುದು ಪೂರ್ವದ ಗೆಲುವು. ಉತ್ತರದ ಹಿಮದ ಗಡಿಯಲ್ಲೂ ಅದೇ ಹೊತ್ತಿಗೆ ಜನ ಸಾಯುತ್ತಿದ್ದರು ಎಂಬುದು ಲಗ್ಗೆರೆಯಲ್ಲಿರಲಿ, ಬೆಂಗಳೂರಿನಲ್ಲೂ ಹೆಚ್ಚು ಜನರಿಗೆ ಗೊತ್ತಿರಲಿಲ್ಲ. ನಮಗೆ ಒಂದು ಬೋಳುಗುಡ್ಡ ಹಿಡಿಯಬೇಕೆಂದು ಅಪ್ಪಣೆಯಾಗಿತ್ತು. ಬೆಳಕು ಹರಿಯುವ ಮೊದಲು ನೆತ್ತಿ ಮುಟ್ಟಬೇಕು. ಹಿಮದಲ್ಲಿ ತೊಡೆಯವರೆಗೆ ಹೂತುಹೋಗುತ್ತಿದ್ದೆವು, ಒಂದು ಹೆಜ್ಜೆ ಕೀಳಲು ಎರಡು ಹೆಜ್ಜೆಯ ಉಸಿರು ಬೇಕು. ಬೆಳಕು ಹರಿದಾಗ ನಾವಿನ್ನೂ ಅರ್ಧ ಇಳಿಜಾರಿನಲ್ಲಿದ್ದೆವು. ಬಿಳಿ ಗೋಡೆಯ ಮೇಲೆ ಕೂತ ನೊಣಗಳ ಹಾಗೆ ಒಬ್ಬೊಬ್ಬರೂ ಕಾಣುತ್ತಿದ್ದೆವು.

ಮೇಲಿನಿಂದ ಗುಂಡು ಶುರುವಾಯಿತು. ಮಲಗಿದೆವು. ಅಲುಗಿದವನ ಕಡೆಗೆ ಗುಂಡು ಬರುತ್ತಿತ್ತು. ಹಿಂದಿನಿಂದ ಹವಿಲ್ದಾರರ ಕೂಗು ಕೇಳಿಸಿತು, "ಯಾರೂ ಅಲ್ಲಾಡಬೇಡಿ." ಕತ್ತಲಾಗುವವರೆಗೆ ಅಲ್ಲಾಡಬೇಡಿ.

ನನ್ನ ಪಕ್ಕದಲ್ಲಿ ಕೋಲಾರದ ಕಡೆಯ ನಾರಾಯಣ ಇದ್ದ. ಇಡೀ ತುಕಡಿಯಲ್ಲಿ ನನ್ನ ಜೊತೆ ಕನ್ನಡ ಆಡುತ್ತಿದ್ದವನು ಅವನೊಬ್ಬನೇ. ತುಟಿ ಅಲುಗಿಸದೆ ಮಾತಾಡುವುದನ್ನು ಆ ಬೆಳಿಗ್ಗೆ ಕಲಿತುಬಿಟ್ಟ.

"ಸಿದ್ರಾಜು, ಈಗ ಊರಲ್ಲಿ ಅವರೆಕಾಯಿ ಕಾಲ ಅಲ್ವೇನೋ."

"ಹೂಂ."

"ಹಿತಕಿದ ಬೇಳೆ ಸಾರು. ಬಿಸಿ ಮುದ್ದೆ. ಆ ಮುದ್ದೆ ಒಳಗೆ ಕಾಲು ಇಟ್ಕೊಂಬಿಡ್ತಿದ್ದೆ ಕಣೋ, ದೇವ್ರಾಣೆ."

ನಾನು ನಕ್ಕೆ. ನಕ್ಕಿದ್ದಕ್ಕೂ ಹೆದರಿದೆ, ಹೊಟ್ಟೆ ಅಲುಗಿತೆಂದು. ಮೊದಲು ಕಾಲು ಉರಿಯಿತು, ಆಮೇಲೆ ನೋಯಿತು, ಆಮೇಲೆ ಕಾಲೇ ಇಲ್ಲವೆನ್ನಿಸಿತು. ಬೂಟಿನೊಳಗೆ ಬೆರಳು ಆಡಿಸಬೇಕೆಂದು ನಮಗೆ ಕಲಿಸಿದ್ದರು. ಆಡಿಸುತ್ತಿದ್ದೇನೆಂದೇ ಅಂದುಕೊಂಡಿದ್ದೆ. ಮಧ್ಯಾಹ್ನದ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುವ ಹೊತ್ತಿಗೆ ನಾರಾಯಣ ಮಾತು ನಿಲ್ಲಿಸಿದ್ದ. ನಿದ್ದೆ ಬಂತೇನೋ, ಮಲಗಲಿ ಎಂದುಕೊಂಡೆ. ಕತ್ತಲು ಕವಿದು ಹಿಂದೆ ಸರಿಯಿರಿ ಎಂದಾಗ ಅವನ ತೋಳು ಹಿಡಿದು ಎಳೆದೆ. ಮರದ ಕೊರಡಿನಂತೆ ಇಡೀ ಮೈ ಒಟ್ಟಿಗೆ ತಿರುಗಿತು. ತೊಡೆಗೆ ಗುಂಡು ಬಿದ್ದಿತ್ತು. ಬೆಳಿಗ್ಗೆಯೇ ಬಿದ್ದಿರಬೇಕು. ಹೇಳಿಯೇ ಇರಲಿಲ್ಲ. ಅವರೆಕಾಯಿ ವಿಷಯ ಹೇಳಿದ್ದ.

ಗುಡ್ಡ ನಮ್ಮ ಕೈಗೆ ಬರಲಿಲ್ಲ.

ಮಿಲಿಟರಿ ಆಸ್ಪತ್ರೆಯಲ್ಲಿ ನನ್ನ ಬೆರಳುಗಳು ಮೊದಲು ನೇರಳೆಯಾದವು, ಆಮೇಲೆ ಇದ್ದಿಲಾದವು. ಎಡಗಾಲಿನವು ಎಲ್ಲ ಹೋದವು, ಬಲಗಾಲಿನವು ಎರಡು. ಅಲ್ಲಿ ನನಗಿಂತ ಹೆಚ್ಚು ಕಳೆದುಕೊಂಡವರು ಅಕ್ಕಪಕ್ಕದ ಮಂಚಗಳಲ್ಲಿದ್ದರು, ಹಾಗಾಗಿ ಅಳಲು ನಾಚಿಕೆಯಾಗುತ್ತಿತ್ತು. ಒಬ್ಬ ನರ್ಸ್ ದಿನವೂ ಪಟ್ಟಿ ಬಿಚ್ಚುವ ಮುನ್ನ ತನ್ನ ಕೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು ಬರುತ್ತಿದ್ದಳು. ಆ ಕೈಗಳ ಬಿಸುಪು ನನ್ನ ಪಾದಕ್ಕೆ ತಿಳಿಯುತ್ತಿರಲಿಲ್ಲ. ಆದರೂ ಅವಳು ಉಜ್ಜಿಕೊಳ್ಳುವುದನ್ನು ನೋಡುವುದೇ ಒಂದು ಸಮಾಧಾನ.

ಊರಿಗೆ ಬಂದೆ. ಬಸ್ಸಿಳಿದ ಕೂಡಲೇ ಹಾರ ಹಾಕಿದರು. ಸೇವಂತಿಗೆ ಹಾರ. ಎಲ್ಲರ ಬಾಯಲ್ಲೂ ಒಂದೇ ಮಾತು, "ನಾವ್ ಗೆದ್ಬಿಟ್ವಲ್ಲಪ್ಪ!" ಹೌದು, ಗೆದ್ದಿದ್ದೆವು. ನಾನು ಮಾತ್ರ ಆ ಗೆಲುವಿನೊಳಗಿನ ಒಂದು ಸೋಲಿನಿಂದ ಬಂದಿದ್ದೆ. ಅದನ್ನು ಯಾರಿಗೆ, ಎಲ್ಲಿಂದ ಶುರುಮಾಡಿ ಹೇಳಲಿ? ಮಾವ ಜಗಲಿಯ ಮೇಲೆ ಪಕ್ಕದಲ್ಲೇ ಜಾಗ ಮಾಡಿ, "ಕುಂತ್ಕಳ್ಳಪ್ಪಾ ವೀರ, ಯಾತ್ರೆ ಎಂಗಿತ್ತು ಯೋಳು" ಎಂದ. ಕೂತೆ. ಕೂತದ್ದೇ ತಡ, ಪಾದದಿಂದ ಬೆಂಕಿ ಹತ್ತಿದ ಹಾಗಾಗಿ ಎದ್ದುಬಿಟ್ಟೆ. ಮತ್ತೆ ಕೂತೆ, ಮತ್ತೆ ಎದ್ದೆ. ಜನ ನಕ್ಕರು. ಇಲ್ಲದ ಬೆರಳುಗಳು ಬೂಟಿನೊಳಗೆ ಆಡುತ್ತಿದ್ದವು, ಅವತ್ತು ಆಡಬೇಕಾಗಿದ್ದವು.

ಅಂದಿನಿಂದ ನಡಿಗೆ. ಅಂಗಳದಲ್ಲಿ, ಹಿತ್ತಲಲ್ಲಿ, ಜಾಲಹಳ್ಳಿ ಕಡೆಯ ರಸ್ತೆಯಲ್ಲಿ. ಅಲ್ಲಿಯ ಫ್ಯಾಕ್ಟರಿ ಕ್ವಾರ್ಟರ್ಸುಗಳ ಬೀದಿಯಲ್ಲಿ ಗಿಡಕ್ಕೆ ನೀರು ಹಾಕುವ ಹೆಂಗಸರು ನನ್ನನ್ನು ನೋಡಿ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಕುಂಟುತ್ತ, ತನ್ನಷ್ಟಕ್ಕೆ ತಾನು, ಎಲ್ಲಿಗೂ ಹೋಗದೆ ನಡೆಯುವ ಗಂಡಸನ್ನು ಕಂಡರೆ ನಾನಾದರೂ ಹಾಗೇ ಮಾಡುತ್ತಿದ್ದೆನೇನೋ.

ನಮ್ಮಲ್ಲಿ ನಿಂತು ಉಣ್ಣುವುದು ದರಿದ್ರ ಎನ್ನುತ್ತಾರೆ. ಅವ್ವ ಒಂದು ವಾರ ನೋಡಿದಳು. ಆಮೇಲೆ ಒಂದು ದಿನ ನನ್ನ ತಟ್ಟೆಯನ್ನು ಒರಳುಕಲ್ಲಿನ ಕಟ್ಟೆಯ ಮೇಲಿಟ್ಟಳು, ತನ್ನದನ್ನೂ ಪಕ್ಕದಲ್ಲೇ ಇಟ್ಟುಕೊಂಡು ನಿಂತೇ ಮುದ್ದೆ ಮುರಿದಳು. ಅತ್ತೆ ಗದರಿದಾಗ, "ದರಿದ್ರ ಬಂದ್ರೆ ಇಬ್ರಿಗೂ ಬರ್ಲಿ ಬುಡಿ ಅತ್ಗೆ" ಎಂದಳು. ಈ ಮಾತನ್ನು ನಾನು ಯಾವ ಔಷಧಿಗಿಂತಲೂ ಮೇಲಿಟ್ಟಿದ್ದೇನೆ.

ಅದೇ ಅವ್ವ ಒಂದು ಅನಾಹುತವನ್ನೂ ಮಾಡಿದಳು. ಕಾಲಿಗೆ ಶೀತ ಹಿಡಿದಿದೆ, ಕಾಸಿದರೆ ಬಿಡುತ್ತದೆ ಎಂದು ಮರಳು ಹುರಿದು ಗಂಟು ಕಟ್ಟಿ ಪಾದಕ್ಕೆ ಒತ್ತಿದಳು. ಉಳುಕಿಗೆ, ಊತಕ್ಕೆ, ಎಲ್ಲಕ್ಕೂ ನಮ್ಮಲ್ಲಿ ಮರಳಿನ ಗಂಟೇ ಮದ್ದು. "ಬಿಸಿ ಆಯ್ತೇನ್ಮಗ?" "ಇಲ್ಲವ್ವ." ಇನ್ನಷ್ಟು ಒತ್ತಿದಳು. "ಈಗ?" "ಇಲ್ಲ." ಸುಟ್ಟ ವಾಸನೆ ಬಂದಾಗ ಇಬ್ಬರೂ ಒಲೆಯ ಕಡೆ ನೋಡಿದೆವು. ಪಾದದ ಚರ್ಮ ಗಂಟಿಗೆ ಅಂಟಿಕೊಂಡು ಬಂದಿತ್ತು.

ಜಾಲಹಳ್ಳಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟಿದ ವೈದ್ಯರು, ಅದೇ ಕಾಲಿನಲ್ಲಿ ಕೋಣೆಯ ತುಂಬ ಓಡಾಡುತ್ತಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿದರು. "ಕಾಲಿಗೆ ನಾನು ಮದ್ದು ಹಾಕ್ತೀನಿ ಕಣ್ರೀ. ಈ ಓಡಾಟಕ್ಕೆ ಮದ್ದು ನನ್ನ ಹತ್ರ ಇಲ್ಲ. ಬೇರೆ ಕಡೆ ಇದೆ" ಎಂದು ಊರಾಚೆಯ ದೊಡ್ಡ ಮನೋರೋಗದ ಆಸ್ಪತ್ರೆಗೆ ಹೋಗಲು ಹೇಳಿದರು.

ಮಾವ ಮೊದಲ ಸಲ ದನಿ ತಗ್ಗಿಸಿ ಬೈದ. "ಉಚ್ಚಾಸ್ಪತ್ರೆಗಾ? ನಿಂಗೇನ್ ತಲೆ ಕೆಟ್ಟದೇನಮ್ಮ? ನಾಳೆ ಇವನ್ಗೆ ಎಣ್ಣು ಕೊಡೋರ್ಯಾರು?"

"ಎಣ್ಣು ಕುಂತಿರೋ ಗಂಡಿಗೆ ತಾನೆ ಕೊಡೋದು? ಮೊದ್ಲು ಕುಂತ್ಕಳ್ಳಿ" ಎಂದಳು ಅವ್ವ.

ಬಸ್ಸಿನಲ್ಲಿ ಕಂಡಕ್ಟರು ಆ ಆಸ್ಪತ್ರೆಯ ಹೆಸರು ಹೇಳಿ ಕೂಗಿದ ತಕ್ಷಣ ಎಲ್ಲರೂ ತಿರುಗಿ ಯಾರು ಏಳುತ್ತಾರೆಂದು ನೋಡುತ್ತಿದ್ದರು. ಅದಕ್ಕೆ ನಾವು ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುತ್ತಿದ್ದೆವು. ಸೆರಗು ಮುಖಕ್ಕೆ ಎಳೆದುಕೊಂಡು ಅವ್ವ ಮುಂದೆ, ಕುಂಟುತ್ತ ನಾನು ಹಿಂದೆ. ಆ ದಾರಿಯಲ್ಲಿ ನಮ್ಮ ಹಾಗೇ ಹಿಂದಕ್ಕೆ ನಡೆದು ಬರುವ ಬೇರೆ ಕುಟುಂಬಗಳೂ ಕಾಣುತ್ತಿದ್ದವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈ ಬರಹ ಓದುವವರಲ್ಲಿ ಅಂಥವರು ಯಾರಾದರೂ ಇದ್ದರೆ ಹೇಳುತ್ತೇನೆ, ಸರಿಯಾದ ಸ್ಟಾಪಿನಲ್ಲೇ ಇಳಿಯಿರಿ. ತಿರುಗಿ ನೋಡಿದವರಲ್ಲಿ ಒಬ್ಬರೂ ಮನೆಯವರೆಗೆ ಬರುವುದಿಲ್ಲ.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚು. ಹಳ್ಳಿಯ ಗಂಡಸೊಬ್ಬ ಹೆಂಡತಿಯ ಕೈಯನ್ನು ಪಂಚೆಯ ತುದಿಯಿಂದ ತನ್ನ ಕೈಗೆ ಕಟ್ಟಿಕೊಂಡು ಕೂತಿದ್ದ, ಅವಳ ತಲೆ ಇವನ ಭುಜದ ಮೇಲೆ. ನಾನು ಬೆಂಚಿನ ಮುಂದೆ ಶತಪಥ ಹಾಕುತ್ತಿದ್ದೆ. ಖಾಕಿ ಹಾಕಿದ ಅಟೆಂಡರ್ ರೇಗಿದ, "ರೀ ಮಿಸ್ಟರ್, ಅಲ್ಲಾಡ್ದೆ ಕೂತ್ಕೊಳ್ರೀ. ನೋಡೋರ್ಗೆ ತಲೆ ಸುತ್ತುತ್ತೆ."

ಅಲ್ಲಾಡದೆ. ಅಷ್ಟು ಕಿವಿಗೆ ಬಿದ್ದದ್ದು ಗೊತ್ತು. ಆಮೇಲೆ ನಾನು ಗೇಟಿನ ಹತ್ತಿರ ಮರ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದೆ. ಅವ್ವ ಚೀಟಿ ಹಿಡಿದು ಓಡಿ ಬಂದಳು. ಅವಳ ಹಿಂದೆ ಕನ್ನಡಕ ಹಾಕಿದ, ನಡುವಯಸ್ಸಿನ ಡಾಕ್ಟರಮ್ಮ.

"ನಡೀತಾನೇ ಮಾತಾಡೋಣ ಬನ್ನಿ" ಎಂದರು. "ಬೆಳಗಿಂದ ಕೂತು ನನ್ನ ಬೆನ್ನೂ ಹಿಡ್ಕೊಂಡಿದೆ."

ನನ್ನ ಪರೀಕ್ಷೆ ನಡೆದದ್ದು ಹಾಗೆ, ಆಸ್ಪತ್ರೆಯ ಮರಗಳ ಕೆಳಗೆ ಸುತ್ತು ಹಾಕುತ್ತ. ಅವರು ಏನನ್ನೂ ಬರೆದುಕೊಳ್ಳಲಿಲ್ಲ. ಎರಡನೆಯದೋ ಮೂರನೆಯದೋ ಸುತ್ತಿನಲ್ಲಿ ನಾನು ನಾರಾಯಣನ ವಿಷಯ ಹೇಳಿದೆ. ಮೊದಲ ಸಲ, ಇನ್ನೊಬ್ಬರ ಮುಂದೆ. ಹಿಂದೆ ಬರುತ್ತಿದ್ದ ಅವ್ವನಿಗೂ ಕೇಳಿಸಿತು. ಕಾಯಿಲೆಗೆ ಹೆಸರೇನು ಎಂದು ಕೇಳಿದ್ದಕ್ಕೆ, "ಹೆಸರು ಇಟ್ಟರೆ ಎಲ್ಲರೂ ಅದನ್ನೇ ಕರೀತಾರೆ, ನಿಮ್ಮನ್ನ ಕರೆಯಲ್ಲ. ಸದ್ಯಕ್ಕೆ ಬೇಡ" ಎಂದು ನಕ್ಕರು. ಮಾತ್ರೆ ಕೊಟ್ಟರು. ಮಾತ್ರೆಯಿಂದ ನಾಲಿಗೆ ದಪ್ಪವಾಯಿತು, ನಿದ್ದೆ ಬಂತು, ನಡಿಗೆ ತಗ್ಗಿತು. ಆದರೆ ಕೂರುವುದು ಬರಲಿಲ್ಲ.

ಪೀಣ್ಯದಲ್ಲಿ ಆಗ ಶೆಡ್ಡಿನ ಮೇಲೆ ಶೆಡ್ಡು ಏಳುತ್ತಿದ್ದ ಕಾಲ. ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೆಷಿನ್ನಿಗೆ ಸೇರಿದೆ. ನಿಂತು ಮಾಡುವ ಕೆಲಸ. ನನ್ನಂಥವನಿಗೆ ದೇವರೇ ಹುಡುಕಿ ಇಟ್ಟಂತಿತ್ತು. ಬೂಟಿನ ತುದಿಯಲ್ಲಿ ಬೆರಳಿಲ್ಲದ ಜಾಗಕ್ಕೆ ಮೆಷಿನ್ ಒರೆಸುವ ಹತ್ತಿಯ ನೂಲು ತುಂಬಿಕೊಂಡರೆ ದಿನವಿಡೀ ನಿಲ್ಲಬಹುದಿತ್ತು. ಪಕ್ಕದ ಮೆಷಿನ್ನಿನ ಅನ್ವರ್ ದಿನಕ್ಕೊಂದು ಸಲ ಕಾಡುತ್ತಿದ್ದ.

"ಗುರು, ನಮ್ಗೆಲ್ಲ ನಿಂತೂ ನಿಂತೂ ಕಾಲು ಬಿದ್ದೋಗುತ್ತೆ. ನಿಂಗೆ ಟೀ ಟೈಮಲ್ಲೂ ಕೂರೋಕಾಗಲ್ಲ. ಓನರ್ ನಿನ್ ಫೋಟೋಗೆ ಹಾರ ಹಾಕ್ಬೇಕು ಮಚ್ಚಾ."

"ಬದುಕಿರೋರ ಫೋಟೋಗೆ ಹಾರ ಹಾಕಲ್ಲ ಕಣೋ."

"ಅದೇ ಮತ್ತೆ. ಬದುಕಿದ್ದೀಯ ತಾನೆ? ಪಿಯುಸಿ ಪಾಸಾಗಿರೋನು ಇಲ್ಲಿ ಕಬ್ಬಿಣ ಕೆರೀತಾ ಯಾಕೆ ಬಿದ್ದಿದ್ದೀಯ? ಸಂಜೆ ಕಾಲೇಜಿಗೆ ಹೋಗು."

ಅವನು ತಮಾಷೆಗೆ ಹೇಳಿದ. ನನಗೆ ಅದು ನಾಟಿತು. ಸಂಜೆ ಕಾಲೇಜಿನಲ್ಲಿ ಬಿಎಗೆ ಸೇರಿದೆ, ಕ್ಲಾಸಿನ ಹಿಂದೆ ಬಾಗಿಲಿಗೆ ಒರಗಿ ನಿಂತು ಪಾಠ ಕೇಳಿದೆ. ಮೇಷ್ಟರುಗಳು ಎರಡು ದಿನ ಕೇಳಿ ಸುಮ್ಮನಾದರು. ಆಗಲೇ ಮಾವ ಆ ಕುಂಡಿ ಕೆಲಸದ ಮಾತು ಹೇಳಿದ್ದು.

ಅವನ ಮಾತೇ ನಿಜವಾಯಿತು. ಮೊದಲ ವರ್ಷದ ಪರೀಕ್ಷೆಯಲ್ಲಿ ನನ್ನ ನಂಬರು ಹಾಲಿನ ನಡುಮಧ್ಯೆ, ಸುತ್ತ ಬೆಂಚುಗಳು. ಮೊದಲ ಪ್ರಶ್ನೆಗೆ ಉತ್ತರ ಬರೆದೆ, ಚೆನ್ನಾಗಿಯೇ ಬರೆದೆ. ಕಾಲು ನೆಲಕ್ಕೆ ಬಡಿಯಲು ಶುರುವಾಯಿತು. ಮೇಲ್ವಿಚಾರಕರು ಹತ್ತಿರ ಬಂದು, ಮೆಲ್ಲಗೆ, ಕೆಟ್ಟ ಮನಸ್ಸಿನಿಂದೇನೂ ಅಲ್ಲ, "ಅಲ್ಲಾಡಬೇಡಿ, ಬೇರೆಯವರಿಗೆ ತೊಂದರೆ" ಎಂದರು. ಹಾಳೆ ಬೆಳ್ಳಗೆ ಕಂಡಿತು. ಅಷ್ಟೇ, ಬರೀ ಬೆಳ್ಳಗೆ. ಪಕ್ಕದ ಬೆಂಚಿನವನು ತಲೆ ತಗ್ಗಿಸಿ ಬರೆಯುತ್ತಿದ್ದ. ಅವನ ತೋಳು ಹಿಡಿದು ಎಳೆದು ನೋಡಬೇಕು, ಬದುಕಿದ್ದಾನಾ ಎಂದು ನೋಡಬೇಕು ಅನ್ನಿಸಿತು. ಎದ್ದು ಹೊರಗೆ ಬಂದವನು ಪೀಣ್ಯದವರೆಗೆ ನಡೆದೇ ಹೋದೆ.

ಫೇಲು. ಮಾವ ಜಗಲಿಯಿಂದ, "ನಾನ್ ಯೋಳ್ಲಿಲ್ವಾ" ಎಂದ. ಅವನ ದನಿಯಲ್ಲಿ ಗೆಲುವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋಗಿ, ನನಗೆ ಅಲ್ಲಾಡದೆ ಕೂರುವುದನ್ನು ಕಲಿಸಿ ಎಂದೆ. ಅವರು ನಡೆಯುತ್ತಿದ್ದವರು ನಿಂತರು.

"ಅದನ್ನ ಕಲೀಬೇಡಿ. ಅದು ನಿಮಗೆ ಚೆನ್ನಾಗೇ ಬರುತ್ತೆ, ಒಂದಿಡೀ ದಿನ ಮಾಡಿದ್ದೀರಿ. ಅವತ್ತು ಏಳೋ ಹಾಗಿರಲಿಲ್ಲ. ಈಗ ಏಳಬಹುದು. ನಿಮ್ಮ ತಲೆಗೆ ಅದು ಗೊತ್ತು, ಕಾಲಿಗೆ ಯಾರೂ ಹೇಳಿಲ್ಲ." ಆಮೇಲೆ ಅವ್ವನ ಕಡೆ ತಿರುಗಿ, "ಇವರು ಕೂತಾಗ ನೀವು ಪಕ್ಕದಲ್ಲಿರಿ. ಕೂತ್ಕೋ ಅನ್ನಬೇಡಿ. ಏಳ್ಬೇಕಾ, ಏಳು ಅನ್ನಿ" ಎಂದರು.

ಆ ಸಲದ ಚಳಿಗಾಲದಲ್ಲಿ ಅವ್ವ ಸಂಜೆ ಹೊತ್ತು ಗೋಣಿತಾಟಿನ ಮೇಲೆ ಅವರೆಕಾಯಿ ಸುರಿದುಕೊಂಡು ಸುಲಿಯಲು ಕೂರುತ್ತಿದ್ದಳು. ನಾನೂ ಎದುರಿಗೆ ಕೂರುತ್ತಿದ್ದೆ. ಸೊಗಡಿನ ವಾಸನೆ ಬೆರಳಿಗೆ ಅಂಟುತ್ತಿತ್ತು. ಆ ವಾಸನೆಗೆ ನಾರಾಯಣ ಬಂದೇ ಬರುತ್ತಿದ್ದ. ಕಾಲು ಉರಿಯಲು ಶುರುವಾಗುವ ಮೊದಲೇ ಅವ್ವನಿಗೆ ಹೇಗೋ ತಿಳಿಯುತ್ತಿತ್ತು.

"ಏಳ್ಬೇಕಾ? ಏಳ್ಮಗ."

ಎದ್ದು ಬಾವಿಯವರೆಗೆ ಹೋಗಿ ಬರುತ್ತಿದ್ದೆ. ಮತ್ತೆ ಸುಲಿಯುತ್ತಿದ್ದೆ. "ಏಳ್ಬೇಕಾ?" ಕೆಲವು ವಾರ ಕಳೆದ ಮೇಲೆ ಒಂದು ಸಂಜೆ, "ಇನ್ನೊಂದೆರಡು ಕಾಯಿ ಆಗ್ಲಿ ತಾಳವ್ವ" ಎಂದೆ. ಅವ್ವ ತಲೆ ಎತ್ತಲಿಲ್ಲ. ಕಾಯಿಯ ರಾಶಿಯನ್ನು ನನ್ನ ಕಡೆಗೆ ಸ್ವಲ್ಪ ತಳ್ಳಿದಳು. ಜಗಲಿಯ ಮೇಲಿದ್ದ ಮಾವ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿದ್ದ. 

ಮುಂದಿನ ಪರೀಕ್ಷೆಗೆ ಮೊದಲು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಬೂಟು ಬಿಚ್ಚಿ ಪಾದ ತೋರಿಸಿ, ಇದ್ದ ವಿಷಯ ಇದ್ದ ಹಾಗೆ ಹೇಳಿದೆ. ಬಾಗಿಲ ಪಕ್ಕದ ಬೆಂಚು ಕೊಡಿ, ಬೇಕಾದಾಗ ಏಳಲು ಬಿಡಿ. ಅವರು ಪೇಪರ್‌ವೇಟ್ ತಿರುಗಿಸಿದರು. "ನಿಂತ್ಕೊಂಡು ಬರೀಬಾರ್ದು ಅಂತ ಎಲ್ಲೂ ಬರೆದಿಲ್ಲ ಕಣ್ರೀ. ನಕಲು ಮಾಡ್ಬಾರ್ದು ಅಂತ ಮಾತ್ರ ಇದೆ" ಎಂದರು.

ಪರೀಕ್ಷೆಯ ಬೆಳಿಗ್ಗೆ ಮನೆಯಿಂದ ಹೊರಡುವಾಗ ಜಗಲಿ ಖಾಲಿಯಿತ್ತು. ಮಾವ ಎಲ್ಲಿ ಎಂದರೆ ಯಶವಂತಪುರದ ಸಂತೆಗೆ ಹೋದನಂತೆ. ಒಂದು ಒಳ್ಳೆಯ ಮಾತು ಹೇಳಿ ಕಳಿಸಬಾರದಿತ್ತೇ ಎಂದು ಬೇಸರವಾಯಿತು. ಹಾಲಿನಲ್ಲಿ ಬಾಗಿಲ ಪಕ್ಕ ಕೂತೆ. ಅದೇ ಮೇಲ್ವಿಚಾರಕರು. ಹತ್ತಿರ ಬಂದು, "ಬೇಕಾದಾಗ ಏಳಿ" ಎಂದರು. ಎದ್ದೆ, ನಿಂತು ಬರೆದೆ, ಕೂತೆ. ಮತ್ತೆ ಎದ್ದೆ. ಆಮೇಲೆ ಬರೆಯುವುದರಲ್ಲಿ ಮರೆತುಬಿಟ್ಟೆ. ಏಳಬಹುದು ಎಂದು ಗೊತ್ತಿದ್ದ ಕಾಲು ಏಳಲು ಕೇಳಲಿಲ್ಲ. ಕೊನೆಯ ಗಂಟೆ ಹೊಡೆದಾಗ ನಾನು ಕೂತಿದ್ದೆ.

ಆ ವಾರ ಮಾವನ ಕಾಲುಗಳು ಊದಿಕೊಂಡಿದ್ದವು. ಅವ್ವ ಅವನಿಗೆ ಮರಳಿನ ಗಂಟು ಕಾಯಿಸಿ ಕೊಡುತ್ತಿದ್ದಳು, ಈಗ ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ. "ಸಂತೇಲಿ ಶ್ಯಾನೆ ತಿರುಗ್ಬುಟ್ಟೆ" ಎಂದ. ಮುಂದಿನ ಎರಡು ವರ್ಷವೂ ಪರೀಕ್ಷೆ ಬಂದಾಗಲೆಲ್ಲ ಅವನಿಗೆ ಸಂತೆ, ಕಾಲು ಊತ. ನಾನು ಹೆಚ್ಚು ಯೋಚಿಸಲಿಲ್ಲ. ವಯಸ್ಸಾಯಿತಲ್ಲ ಎಂದುಕೊಂಡೆ.

ನಾನು ಪೂರ್ತಿ ವಾಸಿಯಾಗಿಲ್ಲ. ಮದುವೆ ಮನೆಯಲ್ಲಿ ಈಗಲೂ ಕಂಬಕ್ಕೆ ಒರಗಿ ನಿಲ್ಲುತ್ತೇನೆ. ಡಿಸೆಂಬರ್ ಬಂದರೆ ಇಲ್ಲದ ಬೆರಳುಗಳು ಎಣಿಸಿಕೊಂಡು ನೋಯುತ್ತವೆ. ಇದನ್ನು ಬರೆಯುತ್ತಿರುವುದೂ ಒರಳುಕಲ್ಲಿನ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು, ಸ್ವಲ್ಪ ನಿಂತು, ಸ್ವಲ್ಪ ಕೂತು. ಏಳಬಹುದು ಎಂದು ಗೊತ್ತಿದ್ದರೆ ಹೀಗೂ ಬದುಕಬಹುದು.

ಡಿಗ್ರಿ ಸರ್ಟಿಫಿಕೇಟ್ ಬಂದಿದೆ ಎಂದು ತಿಳಿದಾಗ ಅರ್ಧ ದಿನ ರಜೆ ಹಾಕಿ ಕಾಲೇಜಿಗೆ ಹೋದೆ. ಗುಮಾಸ್ತರು ಸಹಿ ಮಾಡಿಸಿಕೊಂಡು ಕಿಟಕಿಯಿಂದ ಕೊಟ್ಟರು. ಹೊರಗೆ ಬರುವಾಗ ಗೇಟಿನ ವಾಚ್‌ಮನ್ ನನ್ನ ಕುಂಟು ನಡಿಗೆ ನೋಡಿ ಗುರುತು ಹಿಡಿದ.

"ಪಾಸಾ ಸಾರ್? ಆ ಪೇಟದ ಯಜಮಾನ್ರು ಬರ್ಲಿಲ್ವಾ ಇವತ್ತು?"

"ಯಾವ ಯಜಮಾನ್ರು?"

"ಅದೇ ಸಾರ್, ನೀವು ಪರೀಕ್ಷೆ ಬರೆಯೋವಾಗೆಲ್ಲ ಇಲ್ಲೇ ಮೋರಿ ಪಕ್ಕ ನಿಂತಿರ್ತಿದ್ರಲ್ಲ. ಬಿಸಿಲು ಅಂತ ನನ್ ಸ್ಟೂಲ್ ಕೊಟ್ರೂ ಕೂರ್ತಿರ್ಲಿಲ್ಲ. ಗಂಟೆ ಹೊಡೆದು ನೀವು ಆಚೆ ಬರೋದು ಕಂಡಿದ್ದೇ ಹೊರಟ್ಹೋಗೋರು."

ಬಸ್ಸಿಗೆ ಕಾಯಲಿಲ್ಲ. ನಡೆದೆ. ಲಗ್ಗೆರೆ ಮುಟ್ಟಿದಾಗ ಮಾವ ಎಂದಿನ ಹಾಗೆ ಜಗಲಿಯ ಮೇಲಿದ್ದ. ಸರ್ಟಿಫಿಕೇಟನ್ನು ಅವನ ಕೈಗೆ ಕೊಟ್ಟೆ. ಪಂಚೆಗೆ ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಎದೆಯಿಂದ ಸ್ವಲ್ಪ ದೂರವಿಟ್ಟು ನೋಡಿದ. ನಾನು ಅವನ ಪಕ್ಕದಲ್ಲಿ ಕೂತೆ. ಅವ್ವ ಬಾಗಿಲಿಗೆ ಬಂದು ನಿಂತಳು.

"ಮಾವ, ಸಂತೆಗೆ ಹೋಗ್ತೀನಿ ಅಂತ ಸುಳ್ಳು ಯಾಕೆ ಹೇಳ್ದೆ? ಅಲ್ಲಿ ಸ್ಟೂಲ್ ಕೊಟ್ರಂತೆ, ಕೂತ್ಕೊಳ್ಳೋದಲ್ವಾ?"

ಅವನು ಸರ್ಟಿಫಿಕೇಟಿನಿಂದ ಕಣ್ಣು ತೆಗೆಯಲಿಲ್ಲ.

"ಅಸು ಈಯೋವಾಗ ಯಾರಾದ್ರೂ ಕುಂತ್ಕತಾರೇನ್ಲಾ?"